ಮೊರ ಕೇರಿದರೆ ಎಂಜಿನ್ ನಿಲ್ಲುತ್ತಿತ್ತು

ಕಳೆದ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಒಂದು ವಾಸನೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ವಾಸನೆ, ಅದರ ಹಿಂದೆಯೇ ಹಸಿ ಹುಲ್ಲಿನದು. ಪಕ್ಕದ ಖಾಲಿ ಸೈಟಿಗೆ ಯಾರೋ ಕಳೆ ಹೊಡೆಯುವ ಮಷಿನ್ ತಂದಿದ್ದಾರೆ ಎಂದು ಮೂಗಿಗೆ ಗೊತ್ತಾಯಿತು. ಕಿವಿಗೆ ಗೊತ್ತಾಗಲಿಲ್ಲ. ಸೊರಬದಲ್ಲಿ ಮಳೆ ಕಡಿಮೆಯಾಗುತ್ತಿದ್ದಂತೆ ಈ ಮಷಿನ್ನುಗಳು ಹೊರಗೆ ಬರುತ್ತವೆ. ಒಂದು ಓಣಿಯಲ್ಲಿ ಶುರುವಾದರೆ ಮೂರು ಓಣಿಯ ನಾಯಿಗಳು ಬೊಗಳುತ್ತವೆ. ಅಂಥದ್ದು ಗೋಡೆಯಾಚೆ ಓಡುತ್ತಿದ್ದರೂ ನನಗೆ ಕೇಳಿಸುತ್ತಿಲ್ಲವೆಂದರೆ... ಗಾಬರಿಯಾಗಿ ಸೌಟನ್ನು ಪಾತ್ರೆಗೆ ಬಡಿದು ನೋಡಿದೆ. ಟಣ್ ಎಂದಿತು. ಸದ್ಯ, ಕಿವಿ ಇನ್ನೂ ಇದೆ.

ಹೊರಗೆ ಬಂದು ಕಾಂಪೌಂಡಿನಿಂದ ಇಣುಕಿದೆ. ನಡುವಯಸ್ಸಿನ ಒಬ್ಬಾತ ಸೊಂಟದೆತ್ತರದ ಕಳೆಯನ್ನು ಎಡಕ್ಕೆ ಬಲಕ್ಕೆ ಸವರುತ್ತ ಬರುತ್ತಿದ್ದ. ಸದ್ದು ಇತ್ತು, ಆದರೆ ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದಷ್ಟು. ನನ್ನ ಕಣ್ಣು ನೇರವಾಗಿ ಎಂಜಿನ್ನಿಗೆ ಹೋಯಿತು. ಹಳೇ ಸ್ಕೂಟರಿನ ಸೈಲೆನ್ಸರ್ ಕತ್ತರಿಸಿ ಮಾಡಿದ ಗಿಡ್ಡ ಡಬ್ಬಿ, ಅದನ್ನು ಬಿಗಿದ ತಾಮ್ರದ ತಂತಿ, ತಂತಿಯ ತುದಿಯಲ್ಲಿ ಜಡೆ ಹೆಣೆದ ಹಾಗೆ ಮೂರೆಳೆಯ ಗಂಟು. ಆ ಗಂಟು ಹಾಕುವ ಕೈ ಇಡೀ ಶಿಕಾರಿಪುರದಲ್ಲಿ ಒಂದೇ ಇತ್ತು. ಇನ್ನೊಮ್ಮೆ ನೋಡಲು ಗೋಡೆಯ ಮೇಲೆ ಬಾಗಿದೆ.

ಮಗಳು ಹುಟ್ಟಿದ ವರ್ಷ ನಾವು ಶಿಕಾರಿಪುರದಲ್ಲಿದ್ದೆವು. ಎಪಿಎಂಸಿ ಯಾರ್ಡಿನ ಹಿಂದಿನ ರಸ್ತೆಯಲ್ಲಿ ಬಾಡಿಗೆ ಮನೆ. ಗಾಳಿ ಬೆಳಕು ಚೆನ್ನಾಗಿತ್ತು, ನೀರು ದಿನವೂ ಬರುತ್ತಿತ್ತು. ಇಷ್ಟು ಒಳ್ಳೆಯ ಮನೆ ವರ್ಷಗಟ್ಟಲೆ ಖಾಲಿ ಯಾಕಿತ್ತು ಎಂಬುದು ಸಾಮಾನು ಇಳಿಸಿದ ಮಾರನೇ ದಿನ ತಿಳಿಯಿತು. ಎದುರಿಗೇ ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಮೇಸ್ತ್ರಿ. ಹಳ್ಳದಿಂದ ನೀರೆತ್ತುವ ಪಂಪು, ಬೆಳೆಗೆ ಔಷಧಿ ಹೊಡೆಯುವ ಮಷಿನ್, ಆಗಷ್ಟೇ ಊರಿಗೆ ಬರತೊಡಗಿದ್ದ ಕಳೆ ಹೊಡೆಯುವ ಮಷಿನ್, ಹೀಗೆ ಕೈಯಲ್ಲಿ ಎತ್ತಿ ತರಬಹುದಾದ ಯಾವ ಎಂಜಿನ್ ಕೆಟ್ಟರೂ ಅವರ ಹತ್ತಿರ ಬರುತ್ತಿತ್ತು. ರಿಪೇರಿಯಾದ ಮೇಲೆ ಅದನ್ನು ರಸ್ತೆಗೆ ತಂದು, ಅಂದರೆ ನಮ್ಮ ಬಾಗಿಲಿಗೆ ಮುಖ ಮಾಡಿ, ಪೂರ್ತಿ ಆಕ್ಸಲರೇಟರ್ ಒತ್ತಿ, ಹತ್ತು ನಿಮಿಷ ಓಡಿಸಿ ನೋಡುವುದು ಪದ್ಧತಿ.

ಬೆಳಿಗ್ಗೆ ಶೆಡ್ಡು ತೆಗೆಯುವಾಗ ಅವರ ಹಣೆಯ ಮೇಲೆ ಮೂರು ಗೆರೆ ವಿಭೂತಿ ಇರುತ್ತಿತ್ತು. ಹನ್ನೊಂದರ ಹೊತ್ತಿಗೆ ಅದೇ ಜಾಗದಲ್ಲಿ ಗ್ರೀಸು. ಕುಳ್ಳಗಿನ ಆಳು, ಮಾತು ಕಡಿಮೆ, ನಗು ಜಾಸ್ತಿ. ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಆನಿಸಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬೇರೆ ಮೆಕ್ಯಾನಿಕ್ಕುಗಳು ಹಿಡಿಯನ್ನು ಕಿವಿಗೆ ಇಡುತ್ತಾರೆ, ಇವರು ಬಾಯಿಗೆ. ರೈತರೆಲ್ಲ ಭಕ್ತಿಯಿಂದ ನೋಡುತ್ತಿದ್ದರು. ಮೇಸ್ತ್ರಿ ಎಂಜಿನ್ ಹತ್ತಿರ ಮಾತಾಡುತ್ತಾರೆ ಎಂದು ಪ್ರತೀತಿ.

ನಾನು ಊರಿನ ಶಾಲೆಯಲ್ಲಿ ಟೀಚರ್, ಆಗ ಹೆರಿಗೆ ರಜೆಯಲ್ಲಿದ್ದೆ. ಮಗಳು ಹಾಲು ಕುಡಿದು ಕಣ್ಣು ಮುಚ್ಚುವುದಕ್ಕೂ ಎದುರಿನ ಎಂಜಿನ್ ಬಾಯಿ ತೆರೆಯುವುದಕ್ಕೂ ಸರಿಹೋಗುತ್ತಿತ್ತು. ತೊಟ್ಟಿಲ ಹಗ್ಗ ಎಳೆದು ಎಳೆದು ನನ್ನ ಅಮ್ಮನ ರಟ್ಟೆ ಬಿದ್ದುಹೋಯಿತು. "ಹೊಂದ್ಕೊಂಡು ಹೋಗಣ, ಪಾಪ ಅವರ ಹೊಟ್ಟೆಪಾಡು" ಎಂದು ನನ್ನವರು ದಿನವೂ ಉಪದೇಶ ಮಾಡಿ ಆಫೀಸಿಗೆ ಹೋಗಿಬಿಡುತ್ತಿದ್ದರು. ಆಫೀಸಿನಲ್ಲಿ ತೊಟ್ಟಿಲು ಇರುವುದಿಲ್ಲವಲ್ಲ.

ಒಂದು ದಿನ ಮಗುವಿಗೆ ಚುಚ್ಚುಮದ್ದು ಹಾಕಿಸಿ ತಂದಿದ್ದೆವು. ಮೈ ಬಿಸಿ. ಬೆಳಿಗ್ಗೆಯಿಂದ ಅತ್ತು ಅತ್ತು ಮಧ್ಯಾಹ್ನ ಎರಡಕ್ಕೆ ನಿದ್ದೆ ಹೋಯಿತು. ಎರಡೂ ಐದಕ್ಕೆ ಎದುರಿನಲ್ಲಿ ಕಳೆ ಹೊಡೆಯುವ ಮಷಿನ್ ಕಿರುಚಿಕೊಂಡಿತು. ಮಗು ಬೆಚ್ಚಿ, ಉಸಿರು ಕಟ್ಟಿದಂತೆ ಅಳತೊಡಗಿತು. ನಾನು ತಲೆಗೂದಲು ಕಟ್ಟಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ರಸ್ತೆ ದಾಟಿದೆ. ಮೇಸ್ತ್ರಿ ನನಗೆ ಬೆನ್ನು ಮಾಡಿ ನಿಂತಿದ್ದರು. ಪಕ್ಕದಲ್ಲಿ ಶುಂಠಿ ಬೆಳೆಯುವ ಯಜಮಾನರೊಬ್ಬರು. "ರೀ ಮೇಸ್ತ್ರಿ!" ಎಂದೆ. ಮತ್ತೆ ಕೂಗಿದೆ. ಮೂರನೇ ಸಲ, ಇಪ್ಪತ್ತು ವರ್ಷ ಮೇಷ್ಟರಗಿರಿ ಮಾಡಿದವರ ಹಾಗೆ ಇದ್ದ ದನಿಯನ್ನೆಲ್ಲ ಒಟ್ಟು ಮಾಡಿ, "ಕಿವುಡರೇನ್ರೀ ನೀವು?" ಎಂದು ಕಿರುಚಿದೆ. ಸರಿಯಾಗಿ ಅದೇ ಕ್ಷಣಕ್ಕೆ ಅವರು ಎಂಜಿನ್ ನಿಲ್ಲಿಸಿ ನನ್ನ ಕಡೆ ತಿರುಗಿದ್ದರು. ನನ್ನ ಮಾತು ಯಾರ್ಡಿನ ಗೇಟಿನವರೆಗೆ ಹೋಯಿತು.

ಶುಂಠಿ ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಮೇಸ್ತ್ರಿ ನಗಲಿಲ್ಲ. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ನಾನು ಇನ್ನೇನೇನೋ ಅಂದು ಬಂದೆ, ಈಗ ನೆನಪಿಲ್ಲ... ಆ ದಿನ ಅವರು ನಾಲ್ಕು ಗಂಟೆಗೇ ಶೆಡ್ಡು ಮುಚ್ಚಿದರು.

ಸಂಜೆ ನಮ್ಮ ಬಾಗಿಲಿಗೆ ಬಂದರು. ಕೈಕಾಲು ತೊಳೆದು, ಬೇರೆ ಅಂಗಿ ಹಾಕಿ, ಕೈಯಲ್ಲೊಂದು ಹಸಿಶುಂಠಿಯ ಪೊಟ್ಟಣ ಹಿಡಿದಿದ್ದರು. "ಬಾಣಂತಿಗೆ ಆಗ್ತೈತ್ರಿ" ಎಂದು ಅಮ್ಮನ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಅಕ್ಕೋರೆ, ಬೈರಿ, ಎಷ್ಟ್ ಬೇಕಾದ್ರೂ ಬೈರಿ. ಆದ್ರೆ ಆ ಒಂದ್ ಮಾತು ಮಾತ್ರ ಬೀದಿನಾಗೆ ಅನಬ್ಯಾಡ್ರಿ."

"ಯಾವ ಮಾತು?"

"ಕಿವುಡ ಅಂದ್ರಲ್ರಿ... ಅದು ಖರೇ ಐತ್ರಿ."

ನಾಲ್ಕು ವರ್ಷದ ಹಿಂದೆ ಎಡಗಿವಿ ಹೋಗಿತ್ತಂತೆ, ಆಮೇಲೆ ಬಲದ್ದು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಎಂಜಿನ್ನಿನ ದಪ್ಪ ಸದ್ದು ಹಲ್ಲಿನಿಂದ ತಲೆಬುರುಡೆಗೆ ಹತ್ತುತ್ತಿತ್ತು, ಆದರೆ ತೆಳ್ಳನೆಯ ಸದ್ದು, ಅಂದರೆ ಎಂಜಿನ್ನಿನ ನಿಜವಾದ ಕಾಯಿಲೆಗಳು, ಹಾಗೆ ಸಿಗುತ್ತಿರಲಿಲ್ಲ. ಅದಕ್ಕೇ ಅಷ್ಟು ಹೊತ್ತು, ಅಷ್ಟು ಜೋರಾಗಿ ಓಡಿಸಿ ನೋಡುತ್ತಿದ್ದುದು. ಅವರ ಹೆಂಡತಿಯನ್ನು ಬಿಟ್ಟರೆ ಊರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. "ಮೂಗು ಕಟ್ಟಿದ ಅಡಿಗಿಯೋನ ಕೈಯಾಗೆ ಸಾರು ಯಾರ್ ಮಾಡಿಸ್ತಾರ್ರಿ? ಗೊತ್ತಾದ್ರೆ ಒಂದ್ ಪಂಪೂ ನನ್ನ ಬಾಗಿಲಿಗೆ ಬರಂಗಿಲ್ಲ" ಎಂದರು. ಬೈಗುಳ ಎಷ್ಟೋ ಬೈದಿದ್ದೇನೆ ಜೀವನದಲ್ಲಿ, ಅದೊಂದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಆದರೂ ನಾಚಿಕೆ ಬೇರೆ, ಮಗುವಿನ ನಿದ್ದೆ ಬೇರೆ. ಅವತ್ತೇ ಒಂದು ಕರಾರು ಮಾಡಿಕೊಂಡೆವು. ಎಂಜಿನ್ನಿನ ಸದ್ದನ್ನು ನಾನು ಕೇಳಿ ಹೇಳುವುದು. ಅದಕ್ಕೆ ಬದಲಾಗಿ ಅವರು ಸದ್ದು ಇಳಿಸುವುದು.

ಕೇಳಿ ಹೇಳುವುದು ಹೇಗೆ? ಗಿರಾಕಿಯ ಎದುರಿಗೆ ಕೂಗುವಂತಿಲ್ಲ, ಕೂಗಿದರೂ ಅವರಿಗೆ ಕೇಳುವಂತಿಲ್ಲ. ಉಪಾಯ ಅಮ್ಮನದು. ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ನಮ್ಮ ಬಾಗಿಲ ಕಟ್ಟೆಯ ಮೇಲೆ ಕೂರಬೇಕು. ಎಂಜಿನ್ ಸದ್ದು ಸರಿಯಿದ್ದರೆ ಸುಮ್ಮನೆ ಕಲ್ಲು ಆರಿಸುತ್ತಿರಬೇಕು. ಏನಾದರೂ ಅಪಸ್ವರ ಬಂದರೆ ಮೊರ ಎತ್ತಿ ಕೇರಬೇಕು. ಮೇಸ್ತ್ರಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ ಓರೆಗಣ್ಣಲ್ಲಿ ಈ ಕಡೆ ನೋಡುತ್ತಿದ್ದರು. ನಾನು ಕೇರಿದೆನೋ, ಎಂಜಿನ್ ನಿಂತಿತು. "ಒಳಗೊಂದು ತಕರಾರು ಐತ್ರಿ, ನಾಳೆ ಬರ್ರಿ" ಎಂದು ಗಿರಾಕಿಗೆ ಹೇಳುತ್ತಿದ್ದರು. ಗಿರಾಕಿ ಹೋದ ಮೇಲೆ ನಾನು ಎದುರು ನಿಂತು ಎಂಥ ಸದ್ದೆಂದು ಹೇಳುತ್ತಿದ್ದೆ. ಬಾಣಂತಿ ಅಕ್ಕಿ ಕೇರುವುದಕ್ಕೂ ಪಂಪಿನ ಕಾಯಿಲೆಗೂ ಸಂಬಂಧವಿದೆ ಎಂದು ಯಾವ ರೈತ ಊಹಿಸಿಯಾನು?

ಒಂದೆರಡು ತಿಂಗಳಲ್ಲಿ ನನ್ನ ಕಿವಿ ಪಳಗಿತು. ಪ್ಯಾಕಿಂಗ್ ಸೋರಿದರೆ ಫುಸ್ ಫುಸ್, ಬೇರಿಂಗ್ ಸವೆದರೆ ಗರಗರ, ನಟ್ಟು ಸಡಿಲಾದರೆ ಕಾಲ್ಗೆಜ್ಜೆಯ ಹಾಗೆ ಟಿಣ್ ಟಿಣ್. ರಜೆ ಮುಗಿದು ಶಾಲೆಗೆ ಹೋಗತೊಡಗಿದ ಮೇಲೆ ತೊಡಕಿನ ಎಂಜಿನ್ನುಗಳನ್ನು ಅವರು ನಾನು ಬರುವವರೆಗೆ ಮುಟ್ಟುತ್ತಿರಲಿಲ್ಲ. ಸಂಜೆ ಚಪ್ಪಲಿ ಬಿಡುತ್ತಿದ್ದಂತೆ ನಾನು ಮೊರ ಹಿಡಿಯುತ್ತಿದ್ದೆ. "ಅದೇ ಅಕ್ಕಿನ ಒಂದು ವಾರದಿಂದ ಕೇರ್ತಿದ್ದೀಯಲ್ಲೇ, ನುಚ್ಚಾಗಿ ಹೋಯ್ತು" ಎಂದು ನನ್ನವರು ಗೊಣಗುತ್ತಿದ್ದರು.

ಮೇಸ್ತ್ರಿ ತಮ್ಮ ಪಾಲಿನ ಮಾತು ಉಳಿಸಿಕೊಂಡರು. ಸದ್ದು ಒಂದೇ ಕಡೆಯಿಂದ ಬರುವುದಿಲ್ಲ ಎಂದು ನನಗೆ ಕಲಿಸಿದವರು ಅವರು. ಮೊಂಡು ಬ್ಲೇಡು ಕೂಗುತ್ತದೆ, ಸಡಿಲ ಬೋಲ್ಟು ಕೂಗುತ್ತದೆ, ಕಬ್ಬಿಣಕ್ಕೆ ಕಬ್ಬಿಣ ತಾಗುವ ಕಡೆ ಹಳೇ ಟ್ಯೂಬಿನ ರಬ್ಬರ್ ಇಟ್ಟರೆ ಅರ್ಧ ಕೂಗು ಅಲ್ಲೇ ಸಾಯುತ್ತದೆ. ಉಳಿದಿದ್ದಕ್ಕೆ ಅವರ ಡಬ್ಬಿ. ಒಳಗೆ ತೂತು ಕೊರೆದ ಕೊಳವೆ, ಸುತ್ತ ಕಬ್ಬಿಣದ ನಾರು, ಮೇಲೆ ಮೂರೆಳೆಯ ಗಂಟು. ಹೊಸ ಡಬ್ಬಿ ಹಾಕಿ ಓಡಿಸಿದಾಗಲೆಲ್ಲ ರಸ್ತೆ ದಾಟಿ ಬಂದು ನಮ್ಮ ಬಾಗಿಲಲ್ಲಿ ಕೇಳುತ್ತಿದ್ದರು: "ಕೂಸು ಮಲಗೇತೇನ್ರಿ?" ಅವರ ಅಳತೆಗೋಲು ಅದೊಂದೇ. ಎಷ್ಟು ಇಳಿಯಿತು ಎಂದು ಅವರಿಗೆ ತಿಳಿಯುವ ದಾರಿ ಬೇರೆ ಇರಲಿಲ್ಲವಲ್ಲ... ಮಲಗಿದ್ದಾಳೆ ಎಂದರೆ ಆ ದಿನ ಅವರಿಗೆ ಹಬ್ಬ.

ನಮಗಿಬ್ಬರಿಗೆ ಹಬ್ಬವಾದರೆ ಊರಿಗೆ ಅನುಮಾನ. ಸದ್ದು ಹೋದರೆ ದಮ್ಮು ಹೋಯಿತು ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಹೊಸ ಮಷಿನ್ ತಂದವರೂ ಕಂಪನಿ ಹಾಕಿಕೊಟ್ಟ ಸೈಲೆನ್ಸರನ್ನು ಕಿತ್ತು ಮೂಲೆಗೆ ಎಸೆಯುತ್ತಿದ್ದರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಜಮೀನಿನ ಯಜಮಾನರು ಮನೆಯ ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತು, ಸದ್ದಿನ ಮೇಲೇ ಆಳಿನ ಕೆಲಸ ಅಳೆಯುವ ಪದ್ಧತಿ. ಗುರ್ ಎನ್ನುತ್ತಿದ್ದರೆ ಕೆಲಸ ನಡೆದಿದೆ, ಇಲ್ಲದಿದ್ದರೆ ಆಳು ಮಲಗಿದ್ದಾನೆ. ಬಳ್ಳಿಗಾವಿ ಕಡೆಯ ದಪ್ಪ ಮೀಸೆಯವನೊಬ್ಬ ಕಳೆ ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಡಬ್ಬಿ ಹಾಕಿಸಿಕೊಂಡು ಹೋದ ಮೂರೇ ದಿನಕ್ಕೆ ತಿರುಗಿ ಬಂದು, ಅದನ್ನು ಕಿತ್ತು ಮೇಸ್ತ್ರಿಯ ಮೇಜಿನ ಮೇಲೆ ಕುಕ್ಕಿದ.

"ನಿಮ್ ಡಬ್ಬಿ ನೀವೇ ಇಟ್ಕಳ್ರಿ. ಎಕರೆಗಟ್ಲೆ ಹೊಡದ್ರೂ ಮರದ ಕೆಳಗೆ ಬಿದ್ಕಂಡಿದ್ದೆ ಅಂತಾರೆ. ನಾಳಿಂದ ಬರಬ್ಯಾಡ ಅಂದ್ರು."

ಅವನು ಸುಮ್ಮನೆ ಹೋಗಲಿಲ್ಲ. ಮೇಸ್ತ್ರಿ ಎಂಜಿನ್ನಿನ ದಮ್ಮು ತೆಗೀತಾನೆ ಎಂದು ಸಂತೆಯಲ್ಲೆಲ್ಲ ಹೇಳಿದ. ಶೆಡ್ಡಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಮಷಿನ್ನುಗಳು ಎರಡು ಮೂರಕ್ಕೆ ಇಳಿದವು. ನನ್ನ ಮಗಳ ನಿದ್ದೆಗಾಗಿ ಅವರ ಶೆಡ್ಡು ಮುಚ್ಚಿಹೋಗುತ್ತದೇನೋ ಎಂದು ನನಗೆ ಭಯ ಹತ್ತಿತು. "ಡಬ್ಬಿ ಬಿಡಿ ಮೇಸ್ತ್ರಿ, ನಾವೇ ಬೇರೆ ಮನೆ ನೋಡ್ತೀವಿ" ಎಂದೆ. ಅವರು ನನ್ನ ತುಟಿಯನ್ನೇ ನೋಡಿ, ತಲೆಯಾಡಿಸಿ, "ನಿಮ್ ಕೂಸೊಂದೇ ಅಲ್ರಿ ಅಕ್ಕೋರೆ" ಎಂದರು. ಹಾಗೆಂದರೆ ಏನು ಎಂದು ಆಗ ಕೇಳಲಿಲ್ಲ.

ಆಗಸ್ಟ್ ಹದಿನೈದು ಬರುತ್ತಿತ್ತು. ನಮ್ಮ ಶಾಲೆಯ ಮೈದಾನದಲ್ಲಿ ಮಕ್ಕಳಿಗಿಂತ ಎತ್ತರ ಕಳೆ. ಅದನ್ನು ಹೊಡೆಸಲು ಹೆಡ್‌ಮಾಸ್ಟರು ಅದೇ ಮೀಸೆಯವನಿಗೆ ಹೇಳಿದ್ದರು. ಮೇಸ್ತ್ರಿ ಹೋಗಿ ಒಂದು ಪಂದ್ಯ ಒಡ್ಡಿದರು: ಅರ್ಧ ಮೈದಾನ ಡಬ್ಬಿಯಿಲ್ಲದೆ ಹೊಡಿ, ಅರ್ಧ ಡಬ್ಬಿ ಹಾಕಿ ಹೊಡಿ. ಡಬ್ಬಿಯಿಂದ ಹೊತ್ತು ಜಾಸ್ತಿ ಹಿಡಿದರೆ ಇನ್ನು ಮೇಲೆ ತಾವು ಡಬ್ಬಿ ಮುಟ್ಟುವುದಿಲ್ಲ ಎಂದರು.

ಶುಕ್ರವಾರ ಮಧ್ಯಾಹ್ನ ಮೊದಲ ಅರ್ಧ, ಡಬ್ಬಿಯಿಲ್ಲದೆ. ನಾನು ಮಗ್ಗಿ ಹೇಳಿಕೊಡಲು ಹೋಗಿ ಬರೀ ಬಾಯಿ ಆಡಿಸಿದೆ. ಶನಿವಾರ ಬೆಳಿಗ್ಗೆ ಉಳಿದರ್ಧ. ನೋಡಲು ಏಳೆಂಟು ಜನ ರೈತರು ಬಂದಿದ್ದರು, ಶುಂಠಿ ಯಜಮಾನರೂ ಇದ್ದರು. ಮಷಿನ್ ಶುರುವಾಯಿತು. ಒಳಗೆ ನನ್ನ ಮಕ್ಕಳು "ಏಳೆಂಟ್ಲೆ ಐವತ್ತಾರು" ಎಂದು ರಾಗವಾಗಿ ಹೇಳಿದ್ದು ಹೊರಗಿನವರಿಗೂ ಕೇಳಿತು. ಅರ್ಧಕ್ಕೂ ಹೆಚ್ಚು ಕೆಲಸ ಮುಗಿದಿತ್ತು, ನಿನ್ನೆಗಿಂತ ಹೊತ್ತೇನೂ ಜಾಸ್ತಿ ಆಗಿರಲಿಲ್ಲ. ಅಷ್ಟರಲ್ಲಿ ಮಗ್ಗಿಯ ನಡುವೆ ನನ್ನ ಕಿವಿಗೆ ಒಂದು ಎಳೆ ಸದ್ದು ಸಿಕ್ಕಿತು. ಟಿಣ್... ಟಿಣ್...

ಬ್ಲೇಡಿನ ನಟ್ಟು! ಕಳಚಿದರೆ ಬ್ಲೇಡೇ ಹಾರಿಹೋಗುತ್ತದೆ. ಬೆಳಿಗ್ಗೆ ಮೀಸೆಯವನು ಅವಸರದಲ್ಲಿ ತಾನೇ ಬ್ಲೇಡ್ ಬದಲಿಸಿದ್ದನ್ನು ನಾನೇ ನೋಡಿದ್ದೆ. ಅವನು ಹೊಡೆಯುತ್ತಿದ್ದ ಜಾಗದಿಂದ ಹತ್ತು ಮಾರಿನಲ್ಲಿ, ಬೇವಿನ ಮರದ ಕೆಳಗೆ, ಮೂರನೇ ಕ್ಲಾಸಿನ ಮಕ್ಕಳು ಸಾಲಾಗಿ ಕೂತಿದ್ದರು. ಹೊರಗೆ ಓಡಿ ಬಂದೆ. ಮೀಸೆಯವನು ಆ ಕಡೆ ಮುಖ ಮಾಡಿ ಮುಂದೆ ಹೋಗುತ್ತಿದ್ದ. ಮೇಸ್ತ್ರಿ ಅವನ ಪಕ್ಕದಲ್ಲಿ ನಗುತ್ತ ನಿಂತಿದ್ದರು. ಕೂಗಿದರೆ ಎಂಜಿನ್ ಹಿಡಿದವನಿಗೂ ಕೇಳದು, ಮೇಸ್ತ್ರಿಗಂತೂ ಕೇಳದು. ನನ್ನ ಕೈಯಲ್ಲಿ ಹಾಜರಿ ಪುಸ್ತಕವಿತ್ತು. ಅದನ್ನೇ ಎರಡೂ ಕೈಯಲ್ಲಿ ಹಿಡಿದು, ಇಡೀ ಊರು ಹುಚ್ಚಿ ಅಂದರೂ ಅನ್ನಲಿ ಎಂದು, ಮೊರ ಕೇರಿದ ಹಾಗೆ ಕೇರಿದೆ.

ಮೇಸ್ತ್ರಿಯ ಓರೆಗಣ್ಣು ಅಭ್ಯಾಸಬಲದಿಂದ ನನ್ನ ಕಡೆ ತಿರುಗಿತು. ನಗು ಮಾಯವಾಯಿತು. ಆ ಕುಳ್ಳ ಮನುಷ್ಯ ಅಷ್ಟು ಜೋರಾಗಿ ಓಡಿದ್ದನ್ನು ನಾನು ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮಷಿನ್ನಿನ ಮುಂದೆ ಹೋಗಿ ಎರಡೂ ಕೈ ಎತ್ತಿದರು. ಎಂಜಿನ್ ನಿಂತಿತು. ನಟ್ಟಿಗೆ ಕೈ ಹಾಕಿದರೆ ಸ್ಪ್ಯಾನರೇ ಬೇಕಾಗಲಿಲ್ಲ, ಬೆರಳಲ್ಲಿ ಎರಡು ಸುತ್ತಿಗೆ ಬಿಚ್ಚಿಕೊಂಡು ಬಂತು.

ಮೀಸೆಯವನು ಮರದ ಕೆಳಗಿನ ಮಕ್ಕಳನ್ನು ನೋಡಿ ನೆಲಕ್ಕೆ ಕೂತ. ಶುಂಠಿ ಯಜಮಾನರಿಗೆ ಮಾತ್ರ ಬೇರೆಯೇ ಪ್ರಶ್ನೆ.

"ಅಲ್ರೀ ಮೇಸ್ತ್ರಿ, ಒಳಗಿದ್ದ ಅಕ್ಕೋರಿಗೆ ಕೇಳ್ತು. ಪಕ್ಕದಾಗೇ ನಿಂತ ನಿಮಗೆ ಕೇಳ್ಲಿಲ್ಲೇನು?"

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಮೇಸ್ತ್ರಿ ಕೈ ಎತ್ತಿ ನನ್ನನ್ನು ತಡೆದರು.

"ಕೇಳ್ಲಿಲ್ರಿ. ನಂಗೆ ಕಿವಿ ಕೇಳಂಗಿಲ್ಲ, ನಾಕ್ ವರ್ಷ ಆತು. ಇವೇ ಮಷಿನ್ನು ತಿಂದ್ ಹಾಕಿದ್ವು." ಆಮೇಲೆ ಕೂತಿದ್ದ ಮೀಸೆಯವನ ಹೆಗಲು ಮುಟ್ಟಿ ಅಂದರು, "ನಿನ್ನವು ಇನ್ನಾ ಅದಾವು. ಇಟ್ಕ."

ನಿಮ್ಮ ಕೂಸೊಂದೇ ಅಲ್ಲ ಎಂದದ್ದರ ಅರ್ಥ ಆಗ ತಿಳಿಯಿತು. ನನಗೆ ಅಳು ಬಂತು. ಅಷ್ಟು ಜನರೆದುರು, ನನ್ನ ಕ್ಲಾಸಿನ ಮಕ್ಕಳೆದುರು ಅತ್ತೆ.

ಆಮೇಲೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕಿವುಡ ಮೇಸ್ತ್ರಿ ಎಂದು ಕೆಲವರು ಬಿಟ್ಟೇ ಹೋದರು. ಆದರೆ ಸೋಮವಾರ ಶೆಡ್ಡು ತೆಗೆಯುವ ಮುಂಚೆಯೇ ಮೀಸೆಯವನು ಮಷಿನ್ ಹಿಡಿದು ನಿಂತಿದ್ದ. "ಡಬ್ಬಿ ಗಟ್ಟಿ ಕೂರ್ಸಿಕೊಡ್ರಿ" ಎಂದ. ಯಜಮಾನರ ಅನುಮಾನಕ್ಕೆ ಅವನೇ ಮದ್ದು ಕಂಡುಕೊಂಡ. ಕೆಲಸ ಮಾಡುವಷ್ಟು ಹೊತ್ತೂ ಗಂಟಲೆತ್ತಿ ಹಾಡುತ್ತಿದ್ದ. ಅವನ ಹಾಡು ಕೇಳಿದ ಮೇಲೆ ಎಂಜಿನ್ ಸದ್ದೇ ವಾಸಿಯಿತ್ತು ಎಂದವರೂ ಉಂಟು. ಅವನನ್ನು ನೋಡಿ ಇನ್ನೂ ಹಲವರು ಬಂದರು. ಶೆಡ್ಡು ಮುಚ್ಚಲಿಲ್ಲ.

ಗುಟ್ಟು ರಟ್ಟಾದ ಮೇಲೆ ಮೊರ ಬೇಕಿರಲಿಲ್ಲ. ಶೆಡ್ಡಿನಲ್ಲೇ ನನಗೊಂದು ಸ್ಟೂಲು ಹಾಕಿಸಿದ್ದರು. ಸಂಜೆ ನಾನು ರಸ್ತೆ ತಿರುವಿನಲ್ಲಿ ಕಂಡರೆ "ನಮ್ ಕಿವಿ ಬಂತು ನೋಡ್ರಿ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ಆದರೂ ನಾನು ಕಟ್ಟೆಯ ಮೇಲೆ ಮೊರ ಹಿಡಿದು ಕೂರುವುದನ್ನು ಬಿಡಲಿಲ್ಲ. ಅವರಿಗೂ ಅದೇ ಇಷ್ಟವಿತ್ತು. ಮಗಳು ನಡೆಯಲು ಕಲಿತದ್ದು ಆ ಶೆಡ್ಡಿನ ಬಾಗಿಲಿಗೆ, ಮೊದಲು ಕಚ್ಚಿದ್ದು ಆ ಸ್ಕ್ರೂಡ್ರೈವರಿನ ಹಿಡಿ.

ಮೂರು ವರ್ಷದ ಮೇಲೆ ನನಗೆ ಸೊರಬಕ್ಕೆ ವರ್ಗವಾಯಿತು. ಲಾರಿಗೆ ಸಾಮಾನು ತುಂಬುವಾಗ ಮೇಸ್ತ್ರಿ ಹಗ್ಗ ಬಿಗಿದು ಅದೇ ಮೂರೆಳೆಯ ಗಂಟು ಹಾಕಿಕೊಟ್ಟರು. "ಕಿವಿ ಎರಡನೇ ಸಲ ಹೋಗ್ತಾ ಐತ್ರಿ" ಎಂದು ನಕ್ಕರು. ನಾನು ತಿಂಗಳಿಗೊಮ್ಮೆ ಬರುತ್ತೇನೆ ಎಂದೆ. ಮೊದಲ ವರ್ಷ ಬಂದೆ. ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ... ಎಷ್ಟು ದೂರ ಶಿಕಾರಿಪುರ? ಫೋನ್ ಮಾಡಿದರೆ ಅವರಿಗೆ ಕೇಳುವುದಿಲ್ಲ ಎಂಬ ನೆಪ ನನಗಿತ್ತು. ಕಾಗದ ಓದಲು ಕಿವಿ ಬೇಕೇ? ಮೂವತ್ತು ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸುವವಳು ಒಂದು ಕಾರ್ಡು ಬರೆಯಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎರಡು ತಿಂಗಳ ಮೇಲೆ, ಬಸ್ಸಿನಲ್ಲಿ ಸಿಕ್ಕ ಹಳೆಯ ನೆರೆಯವರಿಂದ. ಶೆಡ್ಡು ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಇದೆಯಂತೆ. ನಾನು ಹೋಗಿ ನೋಡಿಲ್ಲ.

ಪಕ್ಕದ ಸೈಟಿನಲ್ಲಿದ್ದಾತ ಕಾಂಪೌಂಡಿನ ಬಳಿ ನಿಂತ ನನ್ನನ್ನು ನೋಡಿ ಮಷಿನ್ ನಿಲ್ಲಿಸಿದ.

"ಏನ್ರೀ ಅಮ್ಮಾ, ಸೌಂಡ್ ಜಾಸ್ತಿ ಆಯ್ತಾ?"

"ಇಲ್ಲಪ್ಪ. ಈ ಡಬ್ಬಿ ಎಲ್ಲಿ ಹಾಕಿಸಿದ್ದು?"

"ಶಿಕಾರಿಪುರದಲ್ಲಿ, ನಮ್ಮಪ್ಪ ಹಾಕ್ಸಿದ್ದು. ಮಷಿನ್ ಎರಡು ಬದಲಾದ್ವು, ಡಬ್ಬಿ ಅದೇ. ಈಗ ತಳ ತುಕ್ಕು ಹಿಡಿದಿದೆ. ಇಂಥದ್ದು ಮಾಡೋರು ಯಾರೂ ಸಿಗ್ತಾ ಇಲ್ರೀ."

ಸಿಗುವುದಿಲ್ಲ ಎಂದೆ. ಅವನು ಮತ್ತೆ ಎಂಜಿನ್ ಶುರುಮಾಡುವ ಹಗ್ಗ ಎಳೆದ. ನಾನು ಒಳಗೆ ಬಂದೆ. ಮಗಳು ಶಿವಮೊಗ್ಗದ ಕಾಲೇಜಿನಿಂದ ರಜೆಗೆ ಬಂದಿದ್ದಳು. ಕಿಟಕಿಯ ಪಕ್ಕದ ಮಂಚದಲ್ಲಿ, ಗೋಡೆಯಾಚೆ ಎಂಜಿನ್ ಓಡುತ್ತಿದ್ದರೂ, ಬಾಯಿ ಅರೆ ತೆರೆದು ಮಲಗಿದ್ದಳು.

ಅಟ್ಟದ ಮೇಲಿಂದ ಮೊರ ಇಳಿಸಿದೆ. ಎರಡು ಹಿಡಿ ಅಕ್ಕಿ ಹಾಕಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಈಗಿನ ಅಕ್ಕಿಯಲ್ಲಿ ಕಲ್ಲು ಎಲ್ಲಿರುತ್ತದೆ? ಆದರೂ ಕೇರದೆ, ಸುಮ್ಮನೆ ಆರಿಸುತ್ತ ಕೂತೆ, ಮಷಿನ್ ಸೈಟಿನ ಆ ತುದಿ ಮುಟ್ಟುವವರೆಗೂ.